ದೊಣೆಬಂಡೆಯ ಚರಗ

ಜಿಗಣಿಯ ಆ ಓಣಿಯಲ್ಲಿ ಕಲ್ಲು ಕೊಯ್ಯುವ ಗರಗಸ ಕಿರ್ರೆಂದಾಗ ಬೆಳಗಾಗುತ್ತದೆ. ಹಿತ್ತಲ ಗೋಡೆಯ ಆಚೆ ಗ್ರಾನೈಟ್ ಕಾರ್ಖಾನೆ. ಮೊದಲು ಸಿಡುಕಿದಂಥ ಒಂದು ಸದ್ದು, ಮೇಲೆ ನೀರು ಬಿದ್ದ ಕೂಡಲೇ ಕೊಂಚ ಮೆತ್ತಗಾಗಿ, ಆಮೇಲೆ ಸಂಜೆಯವರೆಗೂ ಅದೇ ಒಂದು ರಾಗ. ಹೊಸದಾಗಿ ಬಾಡಿಗೆಗೆ ಬಂದವರು ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ಆಮೇಲೆ ರೂಮು ಬಿಡುವ ಮಾತಾಡುತ್ತಾರೆ, ಕೊನೆಗೆ ಆ ಸದ್ದಿಲ್ಲದಿದ್ದರೆ ಅವರಿಗೇ ನಿದ್ದೆ ಹತ್ತುವುದಿಲ್ಲ. ಶೇಖವ್ವನಿಗಂತೂ ಕರೆಂಟು ಹೋಗಿ ಗರಗಸ ನಿಂತರೆ ಯಾರಿಗೆ ಏನಾಯಿತೋ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಶೇಖವ್ವ ಯಲಬುರ್ಗಾ ಕಡೆಯ ಹಳ್ಳಿಯವಳು. ಗಂಡ ಅಮರಪ್ಪ ಅದೇ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ. ಅವನು ಮುಖ ಕಾಣುವಷ್ಟು ನುಣುಪು ಮಾಡಿ ಕಳಿಸಿದ ಕಲ್ಲು ಯಾರ್‍ಯಾರ ಮನೆಯ ನೆಲವಾಯಿತೋ, ಅವನ ರೂಮಿನ ನೆಲ ಮಾತ್ರ ಸಿಮೆಂಟಿನದು. ರೂಮು ರಾಮಾಂಜಿನಪ್ಪನದು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅವನೀಗ ಸಾಲಾಗಿ ರೂಮುಗಳನ್ನು ಬೆಳೆದಿದ್ದ. ರಾಗಿಯಾದರೆ ವರ್ಷಕ್ಕೊಮ್ಮೆ ಕೈಗೆ ಬರುತ್ತಿತ್ತು, ರೂಮು ತಿಂಗಳಿಗೊಮ್ಮೆ ಬರುತ್ತದೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಶೇಖವ್ವನಿಗೆ ಹತ್ತಿರದ ಇನ್ನೊಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸ. ಅಲ್ಲಿಗೆ ಅಡುಗೆ ಬೇರೆಲ್ಲೋ ತಯಾರಾಗಿ ವ್ಯಾನಿನಲ್ಲಿ ಬರುತ್ತಿತ್ತು. ಬಂದದ್ದರಲ್ಲಿ ಅರ್ಧ ಜನರ ಹೊಟ್ಟೆಗೆ, ಉಳಿದರ್ಧ ಅವಳ ಬಕೆಟ್ಟಿಗೆ. ತಟ್ಟೆಯಲ್ಲಿ ಬಿಟ್ಟ ಪಲ್ಯದ ಬಣ್ಣ ನೋಡಿಯೇ ಒಗ್ಗರಣೆ ಸೀದದ್ದನ್ನು ಅವಳು ಹೇಳಬಲ್ಲವಳಾಗಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಸಂಜೆ ಮನೆಗೆ ಬಂದು, ಸಾಲಿನ ರೂಮುಗಳ ಗಂಡಸರಿಗಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವರು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಪ್ಯಾಕೆಟ್ಟಿನ ಉಪ್ಪಿನಕಾಯಿಯ ಜೊತೆ ತಿಂದು ಮಲಗುತ್ತಿದ್ದರು. ಜಿಗಣಿಯಲ್ಲಿ ಅವಳ ರೊಟ್ಟಿ ತಿಂದವರಿದ್ದರು, ಬುತ್ತಿ ತಿಂದವರಿರಲಿಲ್ಲ.

ಇದೊಂದು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಊರಿನಲ್ಲಿ ಅವಳ ಬುತ್ತಿ ಬಿಚ್ಚಿದರೆ ಪಕ್ಕದ ಹೊಲದವರು ಏನಾದರೂ ನೆಪ ಮಾಡಿಕೊಂಡು ಬದು ದಾಟಿ ಬರುತ್ತಿದ್ದರು. ಇಲ್ಲಿ ಒಬ್ಬರಾದರೂ ಕೂತು, ಅವಳು ಕಟ್ಟಿದ್ದನ್ನು ಬಾಯ್ತುಂಬ ತಿಂದು, ಇನ್ನೊಂದಿಷ್ಟು ಹಾಕಿ ಎನ್ನಬೇಕು. ತೊಳೆಯುವ ಕೆಲಸ ಬಿಟ್ಟು ಕಟ್ಟುವ ಕೆಲಸಕ್ಕೇ ನಿಲ್ಲಬೇಕು. ಆಸೆ ಇಷ್ಟೇ. ಅದನ್ನು ಗಂಡನ ಮುಂದೆ ಹೇಳಿದರೆ, "ತಿನ್ನಾಕ ನಾ ಇಲ್ಲೇನು?" ಎನ್ನುತ್ತಿದ್ದ. ಅವನು ಏನು ಹಾಕಿದರೂ ತಿನ್ನುವವನು. ಅಂಥವನ ಹೊಗಳಿಕೆ ಲೆಕ್ಕಕ್ಕೆ ಬರುವುದಿಲ್ಲ.

ಹೀಗಿರುವಾಗ ಒಂದು ಸಂಜೆ ರಾಮಾಂಜಿನಪ್ಪನ ಮಗಳು ಮಂಜುಶ್ರೀ ರೂಮಿನ ಬಾಗಿಲಿಗೆ ಬಂದು ನಿಂತಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಸ್ಕೂಟರು, ಮೊಣಕೈ ತುಂಬ ತರಚು ಗಾಯ.

"ಏನಾತವ್ವ ಕೈಗೆ? ಬಿದ್ದಿಯೇನು?"

"ಇಲ್ಲ ಶೇಖವ್ವಕ್ಕ, ಬಂಡೆ ಹತ್ತಿದ್ದು. ಭಾನುವಾರ ಭಾನುವಾರ ನಮ್ ಗುಂಪು ದೊಣೆಬಂಡೆಗೆ ಹೋಗ್ತೀವಿ. ಹಗ್ಗ ಕಟ್ಕೊಂಡು ಹತ್ತೋದು."

"ಮ್ಯಾಲೆ ದೇವ್ರ ಗುಡಿ ಐತೇನು?"

"ಗುಡಿಯೇನಿಲ್ಲ."

"ಮತ್ತ ಹತ್ತಿ ಏನ ಮಾಡ್ತೀರಿ?"

"ಇಳೀತೀವಿ," ಎಂದಳು ಮಂಜುಶ್ರೀ.

ಒಳಗೆ ಕೂತಿದ್ದ ಅಮರಪ್ಪ ಕೆಮ್ಮಿದ. ಕಲ್ಲಿನ ಧೂಳಿನ ಕೆಮ್ಮೋ ನಗೆಯೋ ತಿಳಿಯುವಂತಿರಲಿಲ್ಲ.

ಮಂಜುಶ್ರೀ ಬಂದದ್ದು ತಿಂಡಿಯ ವಿಷಯಕ್ಕೆ. ಇಡೀ ದಿನ ಬಿಸಿಲಲ್ಲಿ ಹತ್ತಿ ಇಳಿಯುವುದಕ್ಕೆ ಗುಂಪಿನವರು ಎನರ್ಜಿ ಬಾರ್ ಎಂಬ ಒಂದು ಪದಾರ್ಥವನ್ನು ತಿನ್ನುತ್ತಿದ್ದರು. ಎಲ್ಲರಿಗೂ ಅದು ಸಾಕಾಗಿ ಹೋಗಿತ್ತು. "ರಟ್ಟು ತಿಂದಂಗಿರುತ್ತೆ ಅಕ್ಕ. ಈ ಸಲ ನಿಮ್ ಕೈಲಿ ಮಾಡಿಸೋಣ ಅಂತ ನಾನೇ ಹೇಳ್ಬಿಟ್ಟಿದೀನಿ. ಚೆನ್ನಾಗಿದ್ರೆ ಇನ್ಮೇಲೆ ಪ್ರತಿ ವಾರ ನಿಮ್ದೇ. ಗುಂಪು ದೊಡ್ಡದಾಗ್ತಾ ಇದೆ." ಹೇಳಿ, ಗುಂಪಿನ ಮುಖ್ಯಸ್ಥ ಸಿದ್ಧಾರ್ಥ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಮಸ್ತೆ ಆಂಟಿ," ಎಂದಿತು ಫೋನು. "ಸಿಂಪಲ್ ಇರ್ಲಿ. ಸಣ್ಣ ಸಣ್ಣ ಪೀಸು. ಸ್ವಲ್ಪ ಸ್ವಲ್ಪ ಆಗಾಗ ತಿನ್ನೋ ಥರ. ಹೊಟ್ಟೆ ಭಾರ ಆಗ್ಬಾರ್ದು. ಕೈಗೆ ಎಣ್ಣೆ ಅಂಟ್ಬಾರ್ದು, ಹಿಡಿತ ಜಾರುತ್ತೆ. ಚಾಕ್ಲೇಟ್ ಬೇಡ, ಕರಗುತ್ತೆ. ಕುಡಿಯಕ್ಕೆ ಬರೀ ನೀರು ಸಾಲಲ್ಲ ಆಂಟಿ, ಬೆವರಲ್ಲಿ ಉಪ್ಪು ಹೋಗಿರುತ್ತೆ. ಉಪ್ಪು, ಸ್ವಲ್ಪ ಸಿಹಿ, ಹುಳಿ, ಏನಾದ್ರೂ ಮಾಡಿ."

"ಮಜ್ಜಿಗಿ?"

"ಮಜ್ಜಿಗೆ ಬಿಸಿಲಿಗೆ ಹುಳಿ ಆಗ್ಬಿಡುತ್ತೆ ಆಂಟಿ."

ಅದೂ ನಿಜವೇ ಎಂದು ಶೇಖವ್ವ ಒಪ್ಪಿದಳು. ಹುಡುಗ ಬುದ್ಧಿವಂತ. ಫೋನು ಇಟ್ಟ ಮೇಲೆ ಗಂಡನ ಕಡೆ ತಿರುಗಿ, "ಹೊಟ್ಟಿ ತುಂಬಲಾರದಂಥ ಊಟ ಬೇಕಂತ್ರೀ. ನಮ್ಮ ಕ್ಯಾಂಟೀನ್‌ನ್ಯಾಗ ದಿನಾ ಅದನ್ನ ಹಾಕತಾರ, ಅಲ್ಲಿಗೇ ಬರಬಹುದಿತ್ತು," ಎಂದಳು. ಆದರೆ ಅವಳ ಕೈ ಆಗಲೇ ಡಬ್ಬಿಗಳ ಮುಚ್ಚಳ ತೆಗೆದು ಶೇಂಗಾ ಎಷ್ಟಿದೆ, ಎಳ್ಳು ಎಷ್ಟಿದೆ ನೋಡುತ್ತಿತ್ತು.

ಮಾರನೆಯ ದಿನ ಕ್ಯಾಂಟೀನಿನಲ್ಲಿ, ಜೊತೆಗೆ ತಟ್ಟೆ ತೊಳೆಯುವ ಮಾರಕ್ಕನಿಗೆ ಅವಳು ಬಾಯಿ ತಪ್ಪಿ ಹೇಳಿಬಿಟ್ಟಳು. ಹೇಳಿದ್ದು ಇಷ್ಟೇ: ಒಂದು ದೊಡ್ಡ ಗುಂಪಿನ ಬುತ್ತಿ ಹಿಡಿದಿದ್ದೇನೆ, ಕೂಡಿ ಬಂದರೆ ಈ ಕೆಲಸ ಬಿಡುವವಳು.

"ಅಂಗಾರೆ ಬುಟ್ಟಂಗೇ ಬುಡಮ್ಮ," ಎಂದಳು ಮಾರಕ್ಕ. ಆನೇಕಲ್ಲಿನವಳು, ಒಳ್ಳೆಯವಳು, ಆದರೆ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವಳಿಗೆ ಅಜೀರ್ಣ. ಚಹಾದ ಹೊತ್ತಿಗೆ ಸೂಪರ್‌ವೈಸರಿಗೆ ಗೊತ್ತಾಗಿತ್ತು. ಸಂಜೆಗೆ ಸೂಪರ್‌ವೈಸರಿನ ನಾದಿನಿಗೆ ಗೊತ್ತಾಗಿತ್ತು. ಆಕೆಗೆ ಬಹಳ ದಿನದಿಂದ ಕೆಲಸ ಬೇಕಾಗಿತ್ತು. ವಾರದ ಕೊನೆಗೆ ಶೇಖವ್ವನ ಜಾಗದಲ್ಲಿ ಆ ನಾದಿನಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಎಲ್ಲರೂ ಶೇಖವ್ವನಿಗೆ ಒಳ್ಳೆಯದಾಗಲಿ ಎಂದು ಹಾರೈಸಿ ಕಳಿಸಿಕೊಟ್ಟರು. ಹೀಗೆ, ತಾನು ಕೆಲಸ ಬಿಟ್ಟದ್ದು ಅವಳಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು. ಇನ್ನು ಈ ಬುತ್ತಿ ಆ ಹುಡುಗರ ನಾಲಿಗೆಗೆ ಹಿಡಿಸಲೇಬೇಕಾಗಿತ್ತು.

ಶನಿವಾರ ಅಮರಪ್ಪ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ಏ ಶೇಖವ್ವ, ನಾಳೆ ಎಳ್ಳಮಾಸಿ ಅಲ್ಲೇನು?"

ಹೌದಾಗಿತ್ತು. ಅವರ ಕಡೆ ಎಳ್ಳಮವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೈರು ತುಂಬಿ ನಿಂತ ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಮೊದಲು ಉಣಿಸದೆ ಮನೆಯವರು ತುತ್ತು ಎತ್ತುವಂತಿಲ್ಲ. ಒಬ್ಬರು ಮುಂದೆ ಮುಂದೆ ಅಡುಗೆಯನ್ನು ಹಿಡಿ ಹಿಡಿಯಾಗಿ ಹೊಲದ ಸುತ್ತ ಚೆಲ್ಲುತ್ತ ಹೋದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಹೋಗುತ್ತಾರೆ. ಉಣ್ಣುವುದೂ ಆಗಬೇಕು, ಕುಡಿಯುವುದೂ ಆಗಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಜಿಗಣಿಗೆ ಬಂದ ಮೇಲೆ ಅವರು ಚೆಲ್ಲುವುದಕ್ಕೆ ಹೊಲ ಎಲ್ಲಿಂದ ತಂದಾರು? ರೂಮುಗಳ ಹಿಂದಿನ ನುಗ್ಗೆಗಿಡಕ್ಕೆ ಒಂದು ಸುತ್ತು ಹಾಕಿ ಮುಗಿಸುತ್ತಿದ್ದರು. "ಇಲಿ ಬರ್ತವೆ ಕಣಮ್ಮೋ, ಇಂಗೆಲ್ಲ ಅನ್ನ ಚೆಲ್ಬ್ಯಾಡ್ರಿ," ಎಂದು ರಾಮಾಂಜಿನಪ್ಪ ಪ್ರತಿ ವರ್ಷ ಗೊಣಗುತ್ತಿದ್ದ. ಪ್ರತಿ ವರ್ಷ ಅವನಿಗೂ ಒಂದು ತಟ್ಟೆ ಹೋಗುತ್ತಿತ್ತು, ಗೊಣಗು ಅಲ್ಲಿಗೆ ನಿಲ್ಲುತ್ತಿತ್ತು.

"ಹೆಂಗೂ ಬುತ್ತಿ ಹೊತ್ಕೊಂಡು ಬಯಲಿಗೆ ಹೊಂಟೀವಿ," ಎಂದಳು ಶೇಖವ್ವ. "ಬಂಡಿ ಅಂದ್ರೂ ಭೂಮ್ತಾಯಿನ ಅಲ್ಲೇನ್ರಿ? ಒಂದ ಸಣ್ಣ ಗಂಟು ಚರಗಕ್ಕಂತ ಬ್ಯಾರೆ ಕಟ್ಟತೀನಿ."

ಬೆಳಗಿನ ಜಾವ ಎದ್ದು ಅವಳು ಅಂಗೈಯಷ್ಟಗಲದ ಸಜ್ಜೆ ರೊಟ್ಟಿ ಬಡಿದಳು. ಮೇಲೆ ಎಳ್ಳು ಹಚ್ಚಿ, ಹಪ್ಪಳದ ಹಾಗೆ ಕಟಕಟ ಎನ್ನುವವರೆಗೆ ಕಾಯಿಸಿದಳು. ಶೇಂಗಾ ಉಂಡೆ, ಜೋಳದ ಅರಳನ್ನು ಬೀಸಿ ಬೆಲ್ಲ ಕಲಸಿದ ಅಳ್ಳಿಟ್ಟಿನ ಉಂಡೆ, ಎಲ್ಲ ಒಂದೊಂದು ತುತ್ತಿನ ಗಾತ್ರ. ಗುರೆಳ್ಳು, ಅಂದರೆ ಹುಚ್ಚೆಳ್ಳಿನ, ಚಟ್ನಿಯನ್ನು ಎಣ್ಣೆ ಮುಟ್ಟಿಸದೆ ಪುಡಿಯಾಗಿಯೇ ಇಟ್ಟಳು. ಕುಡಿಯುವುದಕ್ಕೆ ಬೆಲ್ಲದ ಪಾನಕ. ಶುಂಠಿ ಜಜ್ಜಿ, ನಿಂಬೆ ಹಿಂಡಿ, ಆ ಹುಡುಗನ ಮಾತಿಗೆ ಮರ್ಯಾದೆ ಕೊಟ್ಟು ಉಪ್ಪನ್ನು ತುಸು ಮುಂದಾಗಿಯೇ ಹಾಕಿ, ದೊಡ್ಡ ಸ್ಟೀಲ್ ಕ್ಯಾನಿಗೆ ತುಂಬಿದಳು. ಇಷ್ಟು ಸಣ್ಣ ಸಣ್ಣದಾಗಿ ಅವಳು ಯಾವತ್ತೂ ಅಡುಗೆ ಮಾಡಿರಲಿಲ್ಲ. ಗೊಂಬೆಗಳ ಮದುವೆಗೆ ಮಾಡಿದಂತಿತ್ತು.

ದೊಣೆಬಂಡೆ ಜಿಗಣಿಯಿಂದಾಚೆ, ಕಾಡಿನ ಅಂಚಿಗೆ, ಹುರುಳಿ ಹೊಲಗಳ ನಡುವೆ ಕೂತಿತ್ತು. ರಸ್ತೆಯ ಕಡೆಯಿಂದ ನೋಡಿದರೆ ಒಂದು ಆನೆ ಮಲಗಿದ ಹಾಗೆ, ಅಷ್ಟೇ. ಹುಡುಗ ಹುಡುಗಿಯರು ಸೊಂಟಕ್ಕೆ ಪಟ್ಟಿ ಬಿಗಿದು, ಹಗ್ಗ ಕಟ್ಟಿ, ಅಂಗೈಗೆ ಬಿಳಿ ಪುಡಿ ಹಚ್ಚಿಕೊಂಡರು. ಸಿದ್ಧಾರ್ಥ್ ತೆಳ್ಳಗೆ, ಬಿಸಿಲಿಗೆ ಕಪ್ಪಾಗಿ, ಸದಾ ಅವಸರದಲ್ಲಿರುವ ಹುಡುಗ. ಗಂಟಿನ ವಾಸನೆ ನೋಡಿ, "ಸಕ್ಕತ್ ಆಂಟಿ! ಮೊದಲ ರೌಂಡು ಹತ್ತಿ ಬಂದು ತಿಂತೀವಿ," ಎಂದು ಬಂಡೆಗೆ ಅಂಟಿಕೊಂಡ.

"ನೋಡ್ರಿ," ಎಂದಳು ಶೇಖವ್ವ ಗಂಡನಿಗೆ ಮೆಲ್ಲಗೆ, "ಎಷ್ಟ ಚಂದ ಹಿಟ್ಟ ಹಚ್ಚಿಕೊಂಡಾರ. ಒಬ್ರಿಗೂ ರೊಟ್ಟಿ ಬಡಿಯಾಕ ಬರಾಂಗಿಲ್ಲ."

ಅವರು ತಿನ್ನಲು ಬರುವ ಮೊದಲು ಚರಗ ಆಗಬೇಕಿತ್ತು. ಅಮರಪ್ಪ ಟವೆಲು ತಲೆಗೆ ಸುತ್ತಿಕೊಂಡು, ಚರಗದ ಸಣ್ಣ ಗಂಟು ಹಿಡಿದು ಮುಂದೆ ನಿಂತ. ಶೇಖವ್ವ ತಂಬಿಗೆಯಲ್ಲಿ ನೀರು ಹಿಡಿದು ಹಿಂದೆ ನಿಂತಳು.

"ಹುಲ್ಲುಲ್ಲಿಗ್ಯೋ!" ಎಂದು ಚರಗದ ವಾಡಿಕೆಯ ಕೂಗು ಹಾಕಿ ಅವನು ಒಂದು ಹಿಡಿ ಚೆಲ್ಲಿದ.

"ಸಲಾಂಬ್ರಿಗ್ಯೋ!" ಎಂದು ಅವಳು ನೀರು ಚಿಮುಕಿಸಿದಳು.

ವರ್ಷಗಳಾದ ಮೇಲೆ ಬಯಲಲ್ಲಿ ಕೂಗಿದ್ದು. ಅಮರಪ್ಪನ ಗಂಟಲು ತೆರೆಯಿತು. ನುಗ್ಗೆಗಿಡದ ಹತ್ತಿರ ಅವನು ಪಿಸುಗುಡುತ್ತಿದ್ದ, ಇಲ್ಲಿ ಬಂಡೆ ಅವನ ಕೂಗನ್ನು ತಿರುಗಿ ಅವನಿಗೇ ಕೊಡುತ್ತಿತ್ತು. ಕೈಯೂ ಧಾರಾಳವಾಯಿತು. ಭೂಮಿತಾಯಿಗೆ ಕೊಡುವಾಗ ಹಿಡಿ ಸಣ್ಣದು ಮಾಡಬಾರದು.

ತಪ್ಪಾದದ್ದು ಇಲ್ಲಿಯೇ. ಊರಿನ ಅವರ ಹೊಲ ಒಂದು ಪಟ್ಟಿ. ಈ ಬದುವಿನಲ್ಲಿ ನಿಂತರೆ ಆ ಬದು ಕಾಣುತ್ತಿತ್ತು. ಬಂಡೆಗೆ ಆಚೆ ಬದುವೇ ಇರಲಿಲ್ಲ. ಒಂದು ಮೂಲೆ ತಿರುಗಿದರೆ ಇನ್ನೊಂದು ಹೊಟ್ಟೆ ಮುಂದೆ ಚಾಚಿಕೊಂಡಿತ್ತು, ಅದನ್ನು ಬಳಸಿದರೆ ಲಂಟಾನದ ಪೊದೆ, ಪೊದೆ ದಾಟಿದರೆ ಇನ್ನೊಂದು ಬಂಡೆ ಇದಕ್ಕೇ ಕೂಡಿಕೊಂಡು ಕೂತಿತ್ತು. ಚರಗದ ಗಂಟು ಮೊದಲ ತಿರುವಿನಲ್ಲೇ ಖಾಲಿಯಾಯಿತು.

ಅಮರಪ್ಪ ನಿಂತ. ಹೆಂಡತಿಯ ಮುಖ ನೋಡಿದ.

"ಸುರು ಮಾಡಿದ ಸುತ್ತು ಅರ್ಧಕ್ಕ ಬಿಡಬಾರದು," ಎಂದ.

"ನನಗೂ ಗೊತ್ತೈತ್ರಿ."

"ಅರ್ಧ ಭೂಮಿಗೆ ಉಣಿಸಿ ಅರ್ಧ ಉಪಾಸ ಕೆಡವಿದ್ರ..."

"ಗೊತ್ತೈತಂತ ಹೇಳಿದ್ನಲ್ಲ."

ಅವಳು ವಾಪಸು ಹೋಗಿ ದೊಡ್ಡ ಗಂಟಿನಿಂದ ಒಂದಿಷ್ಟು ತಂದಳು. ಒಂದಿಷ್ಟೇ. ಅದು ಲಂಟಾನದ ಪೊದೆಯವರೆಗೆ ಬಂತು. ಮತ್ತೆ ಹೋದಳು. ಸಲಸಲಕ್ಕೂ ಇನ್ನೇನು ಮುಗಿಯಿತು ಎನಿಸುತ್ತಿತ್ತು. ಸಲಸಲಕ್ಕೂ ಬಂಡೆ ಒಂದು ಹೊಸ ಮಗ್ಗುಲು ತೋರಿಸುತ್ತಿತ್ತು. ಕೊನೆಗೆ ಓಡಾಡಿ ಸಾಕಾಗಿ ಗಂಟನ್ನೇ ತಂದು ಅಮರಪ್ಪನ ಹೆಗಲಿಗೆ ಹಾಕಿದಳು. ತಂಬಿಗೆಯ ನೀರು ಆಗಲೇ ಮುಗಿದಿತ್ತು. ಹುಡುಗರು ತಮ್ಮ ಬಾಟಲಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಹೋಗಿದ್ದರು. ಉಳಿದದ್ದು ಪಾನಕದ ಕ್ಯಾನು.

"ಭೂಮ್ತಾಯಿ ಸಿಹಿ ಒಲ್ಲೆ ಅಂತಾಳೇನು?" ಎಂದ ಅಮರಪ್ಪ.

ಶೇಖವ್ವ ಒಂದು ಕೈಯಲ್ಲಿ ಕ್ಯಾನು ಹೊತ್ತು, ಇನ್ನೊಂದು ಕೈಯಿಂದ ಶುಂಠಿ, ನಿಂಬೆ, ಹದವಾದ ಉಪ್ಪು ಎಲ್ಲವನ್ನೂ ಕಲ್ಲಿಗೆ ಕುಡಿಸುತ್ತ ನಡೆದಳು. ಪ್ರತಿ ಹಿಡಿಗೂ ಅವಳ ಕಣ್ಣು ಗಂಡನ ಹೆಗಲ ಗಂಟಿನ ಕಡೆಗೇ ಹೋಗುತ್ತಿತ್ತು. ಬಾಯಿ ಮಾತ್ರ ತಪ್ಪದೆ ಸಲಾಂಬ್ರಿಗ್ಯೋ ಎನ್ನುತ್ತಿತ್ತು. ಅವಳ ಹಿಂದೆ, ಕೊಂಚ ದೂರ ಬಿಟ್ಟು, ಕಾಡಿನ ಕಡೆಯಿಂದ ಬಂದ ಕೋತಿಗಳ ಹಿಂಡು ಸಾಲಾಗಿ ನಡೆದು ಬರುತ್ತಿತ್ತು. ಅವುಗಳಿಗೂ ಅಳ್ಳಿಟ್ಟಿನ ಉಂಡೆ ಒಂದೊಂದು ತುತ್ತಿಗೆ ಸರಿಯಾಗಿತ್ತು. ಹೊಟ್ಟೆ ಭಾರವಾಗಿರಲಿಲ್ಲ. ತಿಂದು ಮುಗಿಸಿ ಅವು ಹಗ್ಗದ ಹಂಗಿಲ್ಲದೆ ಬಂಡೆ ಏರಿ ಹೋದವು.

ಸುತ್ತು ಕೂಡಿಕೊಂಡಾಗ ಹುಡುಗರು ಕೆಳಗಿಳಿದು, ಬೆವರಿ, ತಟ್ಟೆ ಹಿಡಿದು ಕಾಯುತ್ತಿದ್ದರು. ಅಮರಪ್ಪನ ಹೆಗಲ ಮೇಲೆ ಖಾಲಿ ಬಟ್ಟೆ. ಕ್ಯಾನಿನ ತಳದಲ್ಲಿ ಶುಂಠಿಯ ನಾರು.

ಮಂಜುಶ್ರೀ ಬಟ್ಟೆಯನ್ನು ನೋಡಿದಳು, ಕ್ಯಾನನ್ನು ನೋಡಿದಳು. "ಅಕ್ಕಾ, ತಿಂಡಿ?"

"ಚೆಲ್ಲಿದ್ವಿ," ಎಂದಳು ಶೇಖವ್ವ. ಕ್ಯಾಂಟೀನಿನಲ್ಲಿ ತನ್ನ ಜಾಗಕ್ಕೆ ಬಂದ ಆ ನಾದಿನಿ ಕಣ್ಣ ಮುಂದೆ ಬಂದಳು.

ಆಗ ಸಿದ್ಧಾರ್ಥ್ ನೆಲಕ್ಕೆ ಕೂತೇಬಿಟ್ಟ. ಸಿಟ್ಟಿಗಲ್ಲ. ಅವನು ಮೇಲಿನಿಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದ. ದೊಡ್ಡ ಬಂಡೆ, ಕೆಳಗೆ ಇರುವೆಯಷ್ಟಾದ ಇಬ್ಬರು, ಒಬ್ಬ ಚೆಲ್ಲುತ್ತಾನೆ, ಒಬ್ಬಳು ನೀರೆರೆಯುತ್ತಾಳೆ, ಕೂಗು ಬಂಡೆಗೆ ಬಡಿದು ಮೇಲೇರುತ್ತದೆ. "ಆಂಟಿ, ಇದು ಏನ್ ಗೊತ್ತಾ? ಇದು ಗ್ರಾಟಿಟ್ಯೂಡ್! ನಾವು ಇಷ್ಟು ವರ್ಷದಿಂದ ಈ ಬಂಡೆ ಹತ್ತಿದೀವಿ, ಒಂದು ಥ್ಯಾಂಕ್ಸ್ ಹೇಳಿಲ್ಲ." ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಆಮೇಲೆ ಎಲ್ಲರೂ ಚೀಲದ ತಳದಿಂದ ಹಳೆಯ ಎನರ್ಜಿ ಬಾರ್‌ಗಳನ್ನು ಹುಡುಕಿ ತೆಗೆದು, ಕೃತಜ್ಞತೆಯಿಂದ ತಿಂದರು. ಶೇಖವ್ವನಿಗೂ ಒಂದು ಕೊಟ್ಟರು. ಅವಳು ಅಗಿದು, ಅಗಿದು, ಒಳ್ಳೆಯ ಗಟ್ಟಿ ಮಾಲು ಎಂದಳು.

ವಿಡಿಯೊ ಓಡಿತು. ಎಲ್ಲಿಗೆ ಓಡಿತು ಎಂದು ಶೇಖವ್ವನಿಗೆ ತಿಳಿಯದು. ರಾಮಾಂಜಿನಪ್ಪನ ಫೋನಿಗೂ ಬಂತು. "ನಮ್ ರೂಮ್ನೋರು," ಎಂದು ಅವನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ಇಲಿಯ ಮಾತು ಎತ್ತಲಿಲ್ಲ.

ಕೆಲವು ದಿನ ಕಳೆದು ಸಿದ್ಧಾರ್ಥ್ ತಾನೇ ರೂಮಿಗೆ ಬಂದ. ಒಂದು ಕಂಪನಿಯವರು ತಮ್ಮ ನೌಕರರನ್ನೆಲ್ಲ ದೊಣೆಬಂಡೆಗೆ ಕರೆತರುತ್ತಾರಂತೆ. ಶೇಖವ್ವನ ಎದೆ ಹಗುರಾಯಿತು.

"ಎಷ್ಟ ಮಂದಿ ಬರ್ತಾರ್ರಿ ಸಾರ್? ರೊಟ್ಟಿ ಇನ್ನೊಂದೀಟು ದೊಡ್ಡವ ಮಾಡ್ಲೇನು?"

"ಅಯ್ಯೋ, ಅಡುಗೆ ಏನೂ ಬೇಡ ಆಂಟಿ! ಸ್ನ್ಯಾಕ್ಸ್ ಬಾಕ್ಸ್ ಕಂಪನಿಯವ್ರೇ ತರ್ತಾರೆ. ನೀವಿಬ್ರೂ ಬಂದು ಆ ಸುತ್ತು ಹಾಕಿದ್ರೆ ಸಾಕು. ಚೆಲ್ಲಕ್ಕೆ ಕಡ್ಲೆಪುರಿ ನಾನೇ ತರ್ತೀನಿ. ಲೈಟು, ಕಾಣೋಕೂ ಚೆನ್ನಾಗಿರುತ್ತೆ."

"ಅವತ್ತ ಎಳ್ಳಮಾಸಿ ಇತ್ರಿ ಸಾರ್. ಈಗ ಯಾವ ಅಮಾಸಿ ಐತಿ?"

"ಪರವಾಗಿಲ್ಲ ಆಂಟಿ, ಬರೋರಿಗೆ ಅದೆಲ್ಲ ಗೊತ್ತಾಗಲ್ಲ."

"ಬರೋರಿಗೆ ಅಲ್ರೀ," ಎಂದು ಶೇಖವ್ವ ಶುರು ಮಾಡಿದಳು. ಅಷ್ಟರಲ್ಲಿ ಅಮರಪ್ಪ ಒಪ್ಪಿಬಿಟ್ಟಿದ್ದ. ಕಾರ್ಖಾನೆಯಲ್ಲಿ ಹುಡುಗರು ಅವನನ್ನು ಈಗ ಹೀರೋ ಎಂದು ಕರೆಯುತ್ತಿದ್ದರು. ಅವನು ಕನ್ನಡಿಯಲ್ಲಿ ಟವೆಲು ಸುತ್ತಿಕೊಳ್ಳುವುದನ್ನು ಅವಳು ಎರಡು ಸಲ ಕಂಡಿದ್ದಳು. ಅವಳಿಗಾದರೂ ಬೇರೆ ದಾರಿ ಏನಿತ್ತು? ತೊಳೆಯುವ ತಟ್ಟೆಯೂ ಕೈತಪ್ಪಿ ಹೋಗಿತ್ತು.

ಬೇಡವೆಂದರೂ ಆ ಬೆಳಗ್ಗೆ ಅವಳು ರೊಟ್ಟಿ ಬಡಿದಳು. ಈ ಸಲ ಅಂಗೈಯಗಲದ್ದಲ್ಲ, ಹೆಂಚಿನಗಲದ್ದು. ಗುರೆಳ್ಳು ಚಟ್ನಿ, ಎಣ್ಣೆಗಾಯಿ ಪಲ್ಯ, ಕೆಂಪು ಮೆಣಸಿನಕಾಯಿಯ ಹಿಂಡಿ. "ಇದನ್ನ ಯಾರಿಗೆ ಹೊರತೀ?" ಎಂದ ಅಮರಪ್ಪ. "ನಮಗ ಹಸಿವ್ಯಾಗಂಗಿಲ್ಲೇನು?" ಎಂದಳು. ಸುಳ್ಳು. ಗಂಟು ಇಬ್ಬರದಲ್ಲ ಎಂದು ಅವನಿಗೂ ಕಾಣುತ್ತಿತ್ತು.

ದೊಣೆಬಂಡೆಯ ಕೆಳಗೆ ಒಂದೇ ಬಣ್ಣದ ಅಂಗಿ ತೊಟ್ಟ ಜನರ ದೊಡ್ಡ ಗುಂಪು. ಎಲ್ಲರ ಕೈಯಲ್ಲಿ ಒಂದೊಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಒಂದು ಬಾರು, ಒಂದು ಜ್ಯೂಸು. ಸಿದ್ಧಾರ್ಥ್ ಕಡ್ಲೆಪುರಿಯ ಚೀಲ ಶೇಖವ್ವನ ಕೈಗಿತ್ತು, "ಈ ಸಲ ಪೂರ್ತಿ ಸುತ್ತೋದೇನೂ ಬೇಡ ಆಂಟಿ. ಆ ಹುಣಸೆ ಮರದ ತನಕ ಸಾಕು, ಅಲ್ಲಿಂದಾಚೆ ಕ್ಯಾಮೆರಾಗೆ ಸಿಗಲ್ಲ," ಎಂದ.

ಅವರು ಹುಣಸೆ ಮರದ ತನಕ ಹೋಗಿ ಬಂದರು. ಪುರಿ ನೆಲಕ್ಕೆ ಬೀಳುವ ಮೊದಲೇ ಗಾಳಿಗೆ ಹಾರಿ ಹೋಗುತ್ತಿತ್ತು. ಬಿಸಿಲು ಅಡ್ಡ ಬಂತೆಂದು ಮತ್ತೆ ಹೋಗಿ ಬರಬೇಕಾಯಿತು. ಹಿಂದೆ ಯಾರೋ ಜ್ಯೂಸು ಕುಡಿಯುತ್ತ ನಿಂತದ್ದು ಕಾಣುತ್ತದೆಂದು ಮತ್ತೊಮ್ಮೆ. ಅಮರಪ್ಪ ಸಲದಿಂದ ಸಲಕ್ಕೆ ಉಮೇದಿಗೇರಿ, ಕೂಗಿನ ಕೊನೆಗೆ ಒಂದು ಎಳೆತವನ್ನೂ ಸೇರಿಸಿದ್ದ. ಭೂಮಿತಾಯಿ ಎಷ್ಟು ಸಲ ಬಾಯಿ ತೆರೆದು ಮುಚ್ಚಿದಳೋ.

ಮೂರನೆಯ ಸಲ ಮರದ ಹತ್ತಿರ ತಿರುಗುವಾಗ ನೆರಳಲ್ಲಿ ಒಬ್ಬಳು ಹುಡುಗಿ ಒಂಟಿಯಾಗಿ ಕೂತದ್ದು ಶೇಖವ್ವನಿಗೆ ಕಂಡಿತು. ಕಂಪನಿಯ ಅಂಗಿ, ಎದೆಯ ಚೀಟಿಯಲ್ಲಿ ಮಹಾದೇವಿ ಎಂಬ ಹೆಸರು, ಬಿಚ್ಚದೆ ಪಕ್ಕಕ್ಕಿಟ್ಟ ಪೆಟ್ಟಿಗೆ. ಎತ್ತರ ಅಂದರೆ ಹೆದರಿಕೆಯಂತೆ, ಹತ್ತಲು ಒಲ್ಲೆ ಎಂದು ಕೂತಿದ್ದಳು.

"ಅಕ್ಕಾರ," ಎಂದಳು ಆಕೆ ಸಂಕೋಚದಿಂದ, ಬಂಡೆಯ ಬುಡದಲ್ಲಿದ್ದ ಗಂಟಿನ ಕಡೆ ಕಣ್ಣು ಮಾಡಿ. "ಅದರಾಗ ಗುರೆಳ್ಳ ಚಟ್ನಿ ಐತೇನ್ರಿ?"

ಶೇಖವ್ವ ನಿಂತಳು. "ಯಾವೂರವ್ವ ನಿಂದು?"

"ಗದಗ ಹತ್ರರಿ. ಮುಂಜಾನಿಂದ ವಾಸನಿ ಬರಾಕತ್ತೈತಿ. ಬಂಡಿ ನೋಡಿ ತಲಿ ತಿರುಗಿದ್ದೋ, ಇದರಿಂದ ತಿರುಗಿದ್ದೋ, ಗೊತ್ತಾಗವಲ್ದು."

"ಉಂಡಿಯೇನು ಮುಂಜಾನೆ?"

"ಬಸ್ಸು ತಪ್ಪೀತಂತ ಹಂಗ ಬಂದೇನ್ರಿ. ಹಾಸ್ಟೆಲ್‌ನ್ಯಾಗ ರೊಟ್ಟಿ ಎಲ್ಲಿ ಬರಬೇಕು."

"ಆಂಟಿ!" ಸಿದ್ಧಾರ್ಥ್ ಕ್ಯಾಮೆರಾದ ಹಿಂದಿನಿಂದ ಕೈ ಬೀಸಿದ. "ಲಾಸ್ಟ್ ಒಂದ್ಸಲ! ಅಂಕಲ್ ರೆಡಿ ಇದಾರೆ."

ಶೇಖವ್ವ ಅವನ ಹತ್ತಿರ ನಡೆದು ಹೋದಳು. ಕಡ್ಲೆಪುರಿಯ ಚೀಲವನ್ನು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಯಾಕೆಂದು ತಿಳಿಯದೆ ಹಿಡಿದುಕೊಂಡ.

"ಒಂದೀಟು ತಡೀರಿ ಸಾರ್. ಹುಡುಗಿ ಹಸಿದಾಳ."

"ಐದೇ ನಿಮಿಷ ಆಂಟಿ, ಈಗ ಬೆಳಕು ಪರ್ಫೆಕ್ಟ್ ಇದೆ. ಬಾಕ್ಸ್ ಇದೆಯಲ್ಲ ಅವ್ರ ಹತ್ರ, ತಿಂತಾರೆ. ನೀವು ಆ ಕಡೆಯಿಂದ ನಿಧಾನಕ್ಕೆ ನಡ್ಕೊಂಡು ಬಂದು, ಒಂದೇ ಒಂದು ಹಿಡಿ ಹೀಗೆ ಮೇಲಕ್ಕೆ..."

ಅವನು ಹೇಗೆಂದು ತೋರಿಸಲು ಕೈಯೆತ್ತಿದ. ಪುರಿ ಅವನ ತಲೆಯ ಮೇಲೇ ಉದುರಿತು. ಶೇಖವ್ವ ಆಗಲೇ ಗಂಟನ್ನು ಸೊಂಟಕ್ಕೇರಿಸಿದ್ದಳು. ಮರದ ನೆರಳಿನ ಕಡೆ ಸರಸರ ಹೆಜ್ಜೆ ಹಾಕುತ್ತ, ಅಲ್ಲಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತ ಹೋದಳು: "ಪೆಟಗಿ ಆಚೆ ಸರಿಸವ್ವ, ಹಾಸಾಕ ಜಾಗಾ ಮಾಡು. ನಿಮ್ಮ ಗದಗಿನ ಕಡೆ ಈ ಚಟ್ನಿಗೆ ಬೆಳ್ಳೊಳ್ಳಿ ಹಾಕತಾರೋ ಇಲ್ಲೋ ಗೊತ್ತಿಲ್ಲ, ನಮ್ಮ ಕಡೆ ಮಾತ್ರ ಮೊದ್ಲ ಗುರೆಳ್ಳ ಹುರದು, ಅದು ಚಟಪಟ ಅನ್ನೂದ್ರಾಗ ಬೆಳ್ಳೊಳ್ಳಿ ಹಾಕಿಬಿಡತೀವಿ. ತಿಂದು ನೋಡು, ಸಾಲಲಿಲ್ಲಂದ್ರ ಇನ್ನೊಂದಿಷ್ಟು ಹಾಕತೀನಿ."